ಟ್ರಕ್ ಸಸ್ಪೆನ್ಷನ್ ಕೆಲಸಕ್ಕೆ ಮೊದಲ ವೆಲ್ಡಿಂಗ್ ಮಷಿನ್: ಮಿಗ್ ತಗೊಳ್ಳಲಾ, ರಾಡ್ ಮಷಿನ್ ತಗೊಳ್ಳಲಾ?

ಮಣ್ಣುದಾರಿ:
ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಟ್ರಕ್. ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್. ಹಿಂಬದಿಯ ಶ್ಯಾಕಲ್ ಹ್ಯಾಂಗರ್‌ಗಳನ್ನು (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಹಿಡಿಸುವ ಬ್ರಾಕೆಟ್) ತುಕ್ಕು ತಿಂದುಹಾಕಿದೆ. ಅವನ್ನು ನಾನೇ ಹೊಸದಾಗಿ ಮಾಡಬೇಕು, ಜೊತೆಗೆ ಉದ್ದದ ಶಾಕ್ ಅಬ್ಸಾರ್ಬರ್ ಕೂರಿಸಲು ಮೇಲಿನ ಬ್ರಾಕೆಟ್ ಕೂಡ ಮಾಡಬೇಕು ಅಂತ ಆಸೆ. ಮುಂದೆ ಎಂದಾದರೂ ಲೀಫ್ ತೆಗೆದು ಫೋರ್ ಲಿಂಕ್ (ನಾಲ್ಕು ಕಂಬಿಗಳು ಆಕ್ಸಲ್ ಹಿಡಿದಿಡುವ ಸಸ್ಪೆನ್ಷನ್) ಹಾಕುವ ಯೋಚನೆಯೂ ಇದೆ.

ಬ್ರಾಕೆಟ್‌ಗಳಿಗೆ 5ರಿಂದ 6 ಮಿ.ಮೀ. ಪ್ಲೇಟ್. ಚಾಸಿ ಅಳೆದರೆ 3 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬಂತು. ವೆಲ್ಡಿಂಗ್ ನನಗೆ ಹೊಸದು. ಶೆಡ್‌ನಲ್ಲಿ ಸಿಂಗಲ್ ಫೇಸ್ 230 ವೋಲ್ಟ್, ಸದ್ಯಕ್ಕೆ 16 ಆಂಪ್ ಪಾಯಿಂಟ್ ಒಂದಿದೆ.

ಮೂರು ಮಷಿನ್ ನೋಡಿಟ್ಟಿದ್ದೇನೆ. ಒಂದು 140 ಆಂಪ್‌ನ ಪುಟ್ಟ ಗ್ಯಾಸ್‌ಲೆಸ್ ಮಿಗ್. ಮಿಗ್ ಅಂದರೆ ಸುರುಳಿಯಿಂದ ತಂತಿ ತಾನೇ ಬಂದು ಕರಗುವ ಮಷಿನ್; ಗ್ಯಾಸ್‌ಲೆಸ್‌ನಲ್ಲಿ ತಂತಿಯೊಳಗೇ ಫ್ಲಕ್ಸ್ ಪುಡಿ ಇರುವುದರಿಂದ ಗ್ಯಾಸ್ ಸಿಲಿಂಡರ್ ಬೇಡ. ಎರಡನೆಯದು 200 ಆಂಪ್‌ನ ಗ್ಯಾಸ್ ಮಿಗ್. ಮೂರನೆಯದು 200 ಆಂಪ್‌ನ ರಾಡ್ ಇನ್ವರ್ಟರ್, ಅಂದರೆ ಲೇಪವಿರುವ ರಾಡ್ ಕರಗಿಸಿ ಬೆಸೆಯುವ, ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮಷಿನ್. ಕೊಳ್ಳುವುದು ಒಂದೇ. ಯಾವುದು ಸರಿ?

ನಾಲ್ಕುಚಕ್ರ:
200 ಆಂಪ್ ಗ್ಯಾಸ್ ಮಿಗ್. ಒಂದು ವಾರಾಂತ್ಯದಲ್ಲಿ ಕೈಗೆ ಹತ್ತುತ್ತದೆ.

ರಾಡ್‌ಮನೆ:
ರಾಡ್ ಮಷಿನ್ ತಗೊಳ್ಳಿ. ಯೋಚನೆಯೇ ಬೇಡ.

ಇದು ಟ್ರಕ್ಕಿನ ಕೆಳಗೆ ಮಲಗಿ ಮಾಡುವ ಕೆಲಸ. ಅಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ. ಗ್ಯಾಸ್ ಹಾರಿಹೋದರೆ ಮಿಗ್ ಬೆಸುಗೆ ತೂತು ತೂತಾಗುತ್ತದೆ. ರಾಡ್‌ಗೆ ಆ ಚಿಂತೆ ಕಡಿಮೆ. ಮೇಲಿನ ಲೇಪ ಸುಟ್ಟು ತಾನೇ ಗ್ಯಾಸ್ ಮಾಡಿಕೊಳ್ಳುತ್ತದೆ, ಸ್ಲ್ಯಾಗ್ (ಮೇಲೆ ಗಟ್ಟಿಯಾಗುವ ಕಿಟ್ಟದ ಪದರ) ಹೊದಿಸಿ ಬೆಸುಗೆಯನ್ನು ಕಾಯುತ್ತದೆ. ಸಿಲಿಂಡರ್ ಹೊರುವಂತಿಲ್ಲ, ತಂತಿ ಓಡಿಸುವ ಮೋಟಾರ್ ಇಲ್ಲ, ತಂತಿ ಸಾಗುವ ನಳಿಕೆ (ಲೈನರ್) ಕಟ್ಟಿಕೊಳ್ಳುವ ತಲೆನೋವಿಲ್ಲ.

3.15 ಮಿ.ಮೀ. ದಪ್ಪದ 7018 ರಾಡ್ ಹಾಕಿ, 110ರಿಂದ 130 ಆಂಪ್ ಇಡಿ. 6 ಮಿ.ಮೀ. ಪ್ಲೇಟಿಗೆ ಚೆನ್ನಾಗಿ ಇಳಿಯುತ್ತದೆ. 7018ರಲ್ಲಿ 70 ಅಂದರೆ ಬೆಸುಗೆ ಲೋಹ ಕನಿಷ್ಠ 70,000 ಪಿಎಸ್‌ಐ ಎಳೆತ ತಡೆಯುತ್ತದೆ ಅಂತ. ಸುಮಾರು 480 ಮೆಗಾಪಾಸ್ಕಲ್. ನೀವು ಬಳಸುವ ಪ್ಲೇಟಿಗಿಂತ ಬೆಸುಗೆಯೇ ಗಟ್ಟಿ.

ಕಿಡಿಗಣ್ಣು:
@ರಾಡ್‌ಮನೆ, ಮಿಗ್ ತಂತಿಯ ಮೇಲೂ ಅದೇ 70 ಇರುತ್ತದೆ ಅಣ್ಣ. ಇಆರ್70ಎಸ್-6. ತಂತಿಯ ಬಲದಲ್ಲಿ ವ್ಯತ್ಯಾಸವಿಲ್ಲ.

ಹೊಸಬರ ಕೈಗೆ 7018 ಕೊಟ್ಟರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ರಾಡ್ ಅಂಟಿಕೊಳ್ಳುತ್ತದೆ. ನಿಲ್ಲಿಸಿ ಮತ್ತೆ ಹಚ್ಚಲು ಹೋದರೆ ತುದಿಯಲ್ಲಿ ಗಾಜಿನಂತಹ ಪದರ, ಕಿಡಿ ಹತ್ತುವುದೇ ಇಲ್ಲ. ಎರಡನೇ ಪದರ ಹಾಕುವ ಮೊದಲು ಸ್ಲ್ಯಾಗ್ ಪೂರ್ತಿ ತೆಗೆಯದಿದ್ದರೆ ಅದು ಒಳಗೇ ಉಳಿದುಬಿಡುತ್ತದೆ. ಮೇಲಾಗಿ ರಾಡ್ ಕರಗಿದ ಹಾಗೆ ಕೈಯನ್ನು ಹತ್ತಿರ ತರುತ್ತಲೇ ಇರಬೇಕು. ಮಿಗ್‌ನಲ್ಲಿ ತಂತಿಯ ದೂರವನ್ನು ಮಷಿನ್ ನೋಡಿಕೊಳ್ಳುತ್ತದೆ. ನೀವು ಕೋನ ಮತ್ತು ವೇಗ ಎರಡನ್ನೇ ಕಲಿತರೆ ಸಾಕು.

ಆದರೆ 140 ಆಂಪ್‌ನದ್ದನ್ನು ಪಟ್ಟಿಯಿಂದ ತೆಗೆದುಬಿಡಿ. ಒಂದೇ ಪಾಸ್‌ಗೆ, ಅಂದರೆ ಒಂದೇ ಸಲ ಬೆಸುಗೆ ಎಳೆದು ಮುಗಿಸಲು, ಪ್ಲೇಟಿನ ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್ ಅನ್ನುವುದು ಹಳೆಯ ಅಂದಾಜು. 3 ಮಿ.ಮೀ.ಗೆ 120, 5 ಮಿ.ಮೀ.ಗೆ 200. ಆ ಪುಟ್ಟ ಮಷಿನ್ ಬಾಡಿ ಶೀಟ್‌ಗೆ, ತೆಳು ಪೈಪ್‌ಗೆ ಒಳ್ಳೆಯದು. ಹ್ಯಾಂಗರ್‌ಗೆ ಅಲ್ಲ.

ರಾಡ್‌ಮನೆ:
ಹಾಗಾದರೆ 6 ಮಿ.ಮೀ.ಗೆ 240 ಬೇಕಾಯಿತಲ್ಲ? 200ರ ಮಿಗ್ ಕೂಡ ಸಾಲದು! ನನ್ನ ರಾಡ್ 120ಕ್ಕೇ ಅದೇ ಕೆಲಸ ಮಾಡುತ್ತದೆ.

ಕಿಡಿಗಣ್ಣು:
ಒಂದೇ ಪಾಸ್‌ನಲ್ಲಿ ಮುಗಿಸಬೇಕೆಂದರೆ ಸಾಲದು, ಒಪ್ಪುತ್ತೇನೆ. ಅಂಚನ್ನು ಗ್ರೈಂಡರ್‌ನಲ್ಲಿ ಓರೆ ಮಾಡಿ, ಎರಡು ಮೂರು ಪಾಸ್ ಹಾಕಿದರೆ 200 ಸಾಕು. ಇನ್ನು ನಿಮ್ಮ 120ರ ಲೆಕ್ಕ. ರಾಡ್ ನಿಧಾನವಾಗಿ ಸಾಗುತ್ತದೆ, ಹಾಗಾಗಿ ಒಂದೊಂದು ಸೆಂಟಿಮೀಟರಿಗೂ ಜಾಸ್ತಿ ಶಾಖ ಬೀಳುತ್ತದೆ. ಎರಡು ವಿಧಾನದ ಆಂಪ್‌ಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ.

ಸೀಮ್‌ಶೋಧಕ:
ಬೆಸುಗೆ ಪರೀಕ್ಷಿಸುವುದೇ ನನ್ನ ಕೆಲಸ. ಈ ಜಗಳದಲ್ಲಿ ಇಬ್ಬರೂ ಹೇಳದ ಮಾತು ಒಂದಿದೆ.

ಕಡಿಮೆ ಆಂಪ್‌ನಲ್ಲಿ ಮಿಗ್ ನಡೆಯುವುದು ಶಾರ್ಟ್ ಸರ್ಕ್ಯೂಟ್ ರೀತಿಯಲ್ಲಿ. ತಂತಿ ಪ್ಲೇಟನ್ನು ಮುಟ್ಟುತ್ತದೆ, ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ಆರುತ್ತದೆ, ತುದಿ ಕರಗಿ ಬೀಳುತ್ತದೆ, ಮತ್ತೆ ಆರ್ಕ್ ಹತ್ತುತ್ತದೆ. ಸೆಕೆಂಡಿಗೆ ಹತ್ತಾರು ಸಲ, ಕೆಲವೊಮ್ಮೆ ನೂರಕ್ಕೂ ಜಾಸ್ತಿ. ತೆಳು ತಗಡಿಗೆ ಇದು ವರ. ದಪ್ಪ ಪ್ಲೇಟಿಗೆ ಇದೇ ಅಪಾಯ. ತಂತಿ ಕರಗುತ್ತದೆ, ಪ್ಲೇಟ್ ಕರಗುವುದಿಲ್ಲ. ಬೆಸುಗೆ ಪ್ಲೇಟಿನ ಮೇಲೆ ಮೇಣ ಸುರಿದ ಹಾಗೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಬಹಳ ಚೆಂದ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ನಾವು ಇದನ್ನು ಕೋಲ್ಡ್ ಲ್ಯಾಪ್ ಅನ್ನುತ್ತೇವೆ.

ರಾಡ್‌ನಲ್ಲಿ ಕೆಟ್ಟ ಬೆಸುಗೆ ಸಾಮಾನ್ಯವಾಗಿ ಕೆಟ್ಟದಾಗಿಯೇ ಕಾಣುತ್ತದೆ. ಮಿಗ್‌ನಲ್ಲಿ ಕೆಟ್ಟದ್ದು ಸುಂದರವಾಗಿಯೂ ಕಾಣಬಹುದು. ಹೊಸಬರಿಗೆ ನಾನು ಹೆದರುವುದು ಇದಕ್ಕೇ.

ಹಾಗಂತ ಮಿಗ್ ಬೇಡ ಅನ್ನುತ್ತಿಲ್ಲ. ಯಾವ ಮಷಿನ್ ಕೊಂಡರೂ ಮುರಿದು ನೋಡಿ. ನಿಮ್ಮ ಬ್ರಾಕೆಟ್‌ನ ದಪ್ಪದ್ದೇ ಎರಡು ತುಂಡು ತಗೊಳ್ಳಿ. ಟಿ ಆಕಾರದಲ್ಲಿ ನಿಲ್ಲಿಸಿ, ಒಂದೇ ಬದಿಗೆ ಬೆಸುಗೆ ಹಾಕಿ. ತಣ್ಣಗಾದ ಮೇಲೆ ವೈಸ್‌ನಲ್ಲಿ ಹಿಡಿದು, ನಿಂತಿರುವ ಪ್ಲೇಟನ್ನು ಬೆಸುಗೆಯ ಮೇಲೆಯೇ ಮಡಚಿ ಬೀಳುವಂತೆ ದೊಡ್ಡ ಸುತ್ತಿಗೆಯಲ್ಲಿ ಹೊಡೆಯಿರಿ. ಪ್ಲೇಟ್ ಬಾಗಿ ಬೆಸುಗೆ ಹಿಡಿದುಕೊಂಡರೆ ಒಳ್ಳೆಯದು. ಬೆಸುಗೆಯ ನಡುವೆಯೇ ಸೀಳಿ, ಬುಡದವರೆಗೂ ಒರಟು ಲೋಹ ಕಂಡರೂ ಪರವಾಗಿಲ್ಲ. ಒಂದು ಬದಿಯಿಂದ ಸಿಪ್ಪೆಯಂತೆ ಎದ್ದು ಬಂದು, ಕೆಳಗೆ ಪ್ಲೇಟಿನ ನುಣುಪು ಮೇಲ್ಮೈ ಹಾಗೇ ಕಂಡರೆ ಅದನ್ನು ಟ್ರಕ್ಕಿಗೆ ಹಾಕಬೇಡಿ.

ಮಣ್ಣುದಾರಿ:
ಇದು ಗೊತ್ತೇ ಇರಲಿಲ್ಲ, ತುಂಬಾ ಧನ್ಯವಾದ. ಇನ್ನೊಂದು ಪ್ರಶ್ನೆ. ಪೆಟ್ಟಿಗೆಯ ಮೇಲೆ ಡ್ಯೂಟಿ ಸೈಕಲ್ 25% ಅಂತ ಬರೆದಿದೆ. ಅಂದರೆ ಏನು?

ಸರ್ಕ್ಯೂಟ್:
ಹತ್ತು ನಿಮಿಷದ ಲೆಕ್ಕ ಅದು. 200 ಆಂಪ್‌ಗೆ 25% ಅಂದರೆ ಹತ್ತು ನಿಮಿಷದಲ್ಲಿ ಎರಡೂವರೆ ನಿಮಿಷ ಬೆಸುಗೆ, ಉಳಿದ ಏಳೂವರೆ ನಿಮಿಷ ಮಷಿನ್‌ಗೆ ವಿಶ್ರಾಂತಿ. ಆಂಪ್ ಇಳಿಸಿದರೆ ಸಮಯ ಬೇಗ ಏರುತ್ತದೆ, ಯಾಕೆಂದರೆ ಒಳಗಿನ ಬಿಸಿ ಆಂಪ್‌ನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಅದೇ ಮಷಿನ್ 140 ಆಂಪ್‌ನಲ್ಲಿ ಸುಮಾರು 50% ಓಡುತ್ತದೆ. 100 ಆಂಪ್‌ನಲ್ಲಿ ನಿಲ್ಲಿಸದೆ ಓಡಿಸಬಹುದು. ಬ್ರಾಕೆಟ್ ಕೆಲಸದಲ್ಲಿ ಒಂದು ಬೆಸುಗೆ ಮುಗಿಸಿ, ತಿರುಗಿಸಿ, ಬ್ರಶ್ ಹಾಕಿ, ಇನ್ನೊಂದನ್ನು ಜೋಡಿಸುವಷ್ಟರಲ್ಲಿ ಸಮಯ ಹೋಗಿರುತ್ತದೆ. 25% ನಿಮಗೆ ತೊಂದರೆ ಕೊಡುವುದಿಲ್ಲ.

ತೊಂದರೆ ಕೊಡುವುದು ನಿಮ್ಮ 16 ಆಂಪ್ ಪಾಯಿಂಟ್. ಲೆಕ್ಕ ಹಾಕಿ. ಮಿಗ್ 200 ಆಂಪ್‌ನಲ್ಲಿ ಸುಮಾರು 24 ವೋಲ್ಟ್. ಅಂದರೆ 4.8 ಕಿಲೋವಾಟ್ ಬರೀ ಔಟ್‌ಪುಟ್. ಒಳಗಿನ ನಷ್ಟ ಸೇರಿದರೆ 230 ವೋಲ್ಟ್ ಲೈನಿನಿಂದ 25 ಆಂಪ್‌ಗೂ ಜಾಸ್ತಿ ಎಳೆಯುತ್ತದೆ. ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇಲ್ಲದ ಮಷಿನ್ ಆದರೆ 30 ದಾಟಬಹುದು. ರಾಡ್ 120 ಆಂಪ್‌ನಲ್ಲಿ ಸುಮಾರು 25 ವೋಲ್ಟ್, ಅಂದರೆ 3 ಕಿಲೋವಾಟ್. ಅದೇ ನಿಮ್ಮ 16 ಆಂಪ್ ಪಾಯಿಂಟಿನ ಅಂಚಿಗೆ ಬಂದು ನಿಲ್ಲುತ್ತದೆ. 200ರ ಮಿಗ್ ತಗೊಳ್ಳುವುದಾದರೆ ಎಲೆಕ್ಟ್ರಿಷಿಯನ್ ಕರೆಸಿ 32 ಆಂಪ್‌ನ ಬೇರೆ ಲೈನ್, ಸರಿಯಾದ ಅರ್ಥಿಂಗ್ ಮಾಡಿಸಿಕೊಳ್ಳಿ. ತೆಳುವಾದ ಉದ್ದ ಎಕ್ಸ್‌ಟೆನ್ಷನ್ ವೈರ್ ಬೇಡ. ವೋಲ್ಟೇಜ್ ಬೀಳುತ್ತದೆ, ಆರ್ಕ್ ಸೊರಗುತ್ತದೆ, ವೈರ್ ಬಿಸಿಯಾಗುತ್ತದೆ.

ಇನ್ವರ್ಟರ್ ಮಷಿನ್ ಆದರೆ ಗ್ರೈಂಡರ್ ಧೂಳಿನಿಂದ ದೂರ ಇಡಿ. ಫ್ಯಾನ್ ಕಬ್ಬಿಣದ ಪುಡಿಯನ್ನು ಒಳಗೆ ಎಳೆದು ಬೋರ್ಡ್ ಮೇಲೆ ಹಾಕುತ್ತದೆ. ರಿಪೇರಿಗೆ ಬರುವ ಬೋರ್ಡ್‌ಗಳಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಳೇಗರಾಜು:
ಮಷಿನ್ ವಿಷಯ ಬಿಡಿ. ವೆಲ್ಡಿಂಗ್ ಹೊಸದು ಅನ್ನುತ್ತೀರಿ, ಮೊದಲ ಕೆಲಸವೇ ಸಸ್ಪೆನ್ಷನ್ ಅನ್ನುತ್ತೀರಿ. ಇದು ಸರಿಯಲ್ಲ. ಗೇಟ್ ಬೆಸುಗೆ ಬಿಟ್ಟರೆ ಗೇಟ್ ಬೀಳುತ್ತದೆ. ಶ್ಯಾಕಲ್ ಹ್ಯಾಂಗರ್ ವೇಗದಲ್ಲಿ ಬಿಟ್ಟರೆ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ, ಟ್ರಕ್ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಎದುರಿಗೆ ಬರುವವರು ಏನು ಮಾಡಬೇಕು?

ಬೆಸುಗೆ ಹಾಕಲೇಬಾರದ ಭಾಗಗಳೂ ಇವೆ. ಲೀಫ್ ಸ್ಪ್ರಿಂಗ್ ಮುಟ್ಟಬೇಡಿ. ಅದು ಜಾಸ್ತಿ ಕಾರ್ಬನ್ ಇರುವ, ಹದ ಹಾಕಿದ ಸ್ಟೀಲ್. ಬೆಸುಗೆಯ ಪಕ್ಕ ಬೇಗ ತಣ್ಣಗಾದ ಜಾಗ ಗಾಜಿನಷ್ಟು ಪೆಡಸಾಗುತ್ತದೆ, ಅದರಾಚೆ ಹದ ಕೆಟ್ಟು ಮೆತ್ತಗಾಗುತ್ತದೆ. ಸ್ಪ್ರಿಂಗ್ ಮೇಲೆ ಆರ್ಕ್ ತಾಗಿಸುವುದೂ ಬೇಡ, ಕಿಡಿ ಬೀಳದಂತೆ ಮುಚ್ಚಿ. ಸ್ಟೀರಿಂಗ್ ನಕಲ್, ಟೈ ರಾಡ್, ಡ್ರ್ಯಾಗ್ ಲಿಂಕ್ ಯಾವುದಕ್ಕೂ ಕೈ ಹಾಕಬೇಡಿ. ದೊಡ್ಡ ಲಾರಿಗಳ ಚಾಸಿಯಲ್ಲಿ ಹದ ಹಾಕಿದ ಸ್ಟೀಲ್ ಇರುವುದುಂಟು. ಅಂಥದ್ದಕ್ಕೆ ಬೆಸುಗೆ ಹಾಕಬೇಡಿ ಅಂತ ತಯಾರಕರೇ ಚಾಸಿ ಮೇಲೆ ಚೀಟಿ ಅಂಟಿಸಿರುತ್ತಾರೆ. ನಿಮ್ಮ ಪಿಕಪ್‌ನ ಸರ್ವಿಸ್ ಪುಸ್ತಕ ಮೊದಲು ಓದಿ. ವಾಹನದ ರಚನೆ ಬದಲಿಸಲು ನಿಮ್ಮಲ್ಲಿ ಅನುಮತಿ ಬೇಕಾ ಅಂತಲೂ ಕೇಳಿಕೊಳ್ಳಿ.

ನಾಲ್ಕುಚಕ್ರ:
ಎಲ್ಲರೂ ಹೀಗೆ ಹೆದರಿಸಿದರೆ ಯಾರೂ ಏನೂ ಕಲಿಯುವುದಿಲ್ಲ. ಇಲ್ಲಿರುವ ಅರ್ಧ ಜನ ತಮ್ಮ ಗಾಡಿ ಮೇಲೆಯೇ ಕಲಿತವರು ಅಲ್ವಾ?

ಹಳೇಗರಾಜು:
ಗಾಡಿ ಮೇಲೆ ಕಲಿಯಿರಿ. ಬಂಪರ್ ಮಾಡಿ, ಕ್ಯಾರಿಯರ್ ಮಾಡಿ, ಸ್ಕಿಡ್ ಪ್ಲೇಟ್ ಮಾಡಿ, ಶೆಡ್‌ಗೆ ಒಂದು ಗಟ್ಟಿ ಮೇಜು ಮಾಡಿ. ಅವು ಬಿಟ್ಟುಹೋದರೆ ಜೀವ ಹೋಗುವುದಿಲ್ಲ. ಆಮೇಲೆ ಹ್ಯಾಂಗರ್. ನನ್ನ ತಕರಾರು ಕ್ರಮದ ಬಗ್ಗೆ, ಕಲಿಯುವುದರ ಬಗ್ಗೆ ಅಲ್ಲ. ಸದ್ಯಕ್ಕೆ ಹ್ಯಾಂಗರ್ ತುಕ್ಕು ಹಿಡಿದಿದ್ದರೆ ಕಂಪನಿಯ ಹೊಸ ಹ್ಯಾಂಗರ್ ತಂದು ಬೋಲ್ಟ್ ಹಾಕಿ, ಗಾಡಿ ಓಡಲಿ.

ಟಾರ್ಕ್:
ಹಳೇಗರಾಜು ಸರ್ ಬೋಲ್ಟ್ ಅಂದದ್ದು ಒಳ್ಳೆಯದಾಯಿತು. ಹ್ಯಾಂಗರ್ ಸ್ವಂತ ಮಾಡಿದರೂ ಅದನ್ನು ಚಾಸಿಗೆ ಬೆಸುಗೆ ಹಾಕಲೇಬೇಕು ಅಂತ ಯಾರು ಹೇಳಿದರು? ಮೂಲ ಹ್ಯಾಂಗರ್‌ಗಳು ಬಹಳ ಗಾಡಿಗಳಲ್ಲಿ ರಿವೆಟ್ ಹೊಡೆದು ಕೂರಿಸಿದವು. ರಿವೆಟ್ ತಲೆ ತೆಗೆದು, ಅದೇ ತೂತಿಗೆ ಬಿಗಿಯಾಗಿ ಕೂರುವ 10.9 ಗ್ರೇಡ್ ಬೋಲ್ಟ್ ಹಾಕಬಹುದು. ಹ್ಯಾಂಗರ್‌ನ ಬೆಸುಗೆಯೆಲ್ಲ ಮೇಜಿನ ಮೇಲೆ, ನಿಮಗೆ ಬೇಕಾದ ಕೋನದಲ್ಲಿ, ಬೆಳಕಿನಲ್ಲಿ ಆಗುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಗಾಳಿಯ ಸಮಸ್ಯೆಯೂ ಹೋಯಿತು. @ರಾಡ್‌ಮನೆ ಅವರ ಮೊದಲ ವಾದ ಇಲ್ಲಿಗೆ ಅರ್ಧ ಬಿದ್ದುಹೋಯಿತು.

ಚಾಸಿಗೆ ಬೆಸುಗೆ ಹಾಕಲೇಬೇಕಾದರೆ ಹಾಕುವ ಜಾಗ ನೋಡಿ. ಸಿ ಆಕಾರದ ಚಾಸಿಯಲ್ಲಿ ಮೇಲಿನ ಕೆಳಗಿನ ಪಟ್ಟಿಗಳೇ ಬಾಗುವ ಭಾರ ಹೊರುವುದು. ಆ ಪಟ್ಟಿಯ ಅಂಚಿಗೆ ಅಡ್ಡವಾಗಿ ಬೆಸುಗೆ ಎಳೆದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ನಡುವಿನ ನಿಂತ ಭಾಗಕ್ಕೆ ಹಾಕಿ. ಆದರೆ ಮೇಲಿಂದ ಕೆಳಕ್ಕೆ ಒಂದೇ ನೇರ ಗೆರೆ ಬೇಡ. ಬಲಪಡಿಸುವ ಪ್ಲೇಟಿನ ತುದಿಯನ್ನು ಚೂಪಾಗಿ, ವಜ್ರದ ಆಕಾರಕ್ಕೆ ಕತ್ತರಿಸಿದರೆ ಬೆಸುಗೆ ಓರೆಯಾಗಿ ಹರಡುತ್ತದೆ, ಒತ್ತಡವೆಲ್ಲ ಒಂದೇ ಗೆರೆಗೆ ಬೀಳುವುದಿಲ್ಲ. ಅಂಚಿನಲ್ಲಿ ಅಂಡರ್‌ಕಟ್ ಬಿಡಬೇಡಿ. ಅಂಚಿನ ಪಕ್ಕ ಪ್ಲೇಟ್ ಕೊರೆದಂತೆ ಕಾಣುವ ಸಣ್ಣ ಕಾಲುವೆಯೇ ಅದು. ಸಸ್ಪೆನ್ಷನ್ ಬ್ರಾಕೆಟ್‌ಗಳಿಗೆ ಒಂದೇ ದೊಡ್ಡ ಎಳೆತಕ್ಕಿಂತ ಲಕ್ಷಾಂತರ ಸಣ್ಣ ಅಲುಗಾಟಗಳೇ ಶತ್ರು. ಬಿರುಕಿಗೆ ಅಷ್ಟು ಜಾಗ ಸಾಕು.

ತಂತಿಸುರುಳಿ:
ಗ್ಯಾಸ್‌ಲೆಸ್ ಅನ್ನು ಎಲ್ಲರೂ ಸುಮ್ನೆ ತಳ್ಳಿಹಾಕಬೇಡಿ. ಫ್ಲಕ್ಸ್ ತುಂಬಿದ ತಂತಿ ಅದೇ ಆಂಪ್‌ನಲ್ಲಿ ಗ್ಯಾಸ್ ಮಿಗ್‌ಗಿಂತ ಚೆನ್ನಾಗಿ ಇಳಿಯುತ್ತದೆ. ಗಾಳಿಗೂ ಹೆದರುವುದಿಲ್ಲ. 140 ಆಂಪ್‌ನಲ್ಲೂ 5 ಮಿ.ಮೀ.ವರೆಗೆ ಒಳ್ಳೆಯ ಬೆಸುಗೆ ತೆಗೆಯಬಹುದು.

ಗ್ಯಾಸ್‌ಲೆಸ್‌ಗೆ ಕೆಟ್ಟ ಹೆಸರು ಬಂದಿರುವುದಕ್ಕೆ ಒಂದು ಕಾರಣ ಪೊಲಾರಿಟಿ. ಗ್ಯಾಸ್ ಮಿಗ್‌ಗೆ ಗನ್ ಪಾಸಿಟಿವ್. ಹೆಚ್ಚಿನ ಗ್ಯಾಸ್‌ಲೆಸ್ ತಂತಿಗಳಿಗೆ ಗನ್ ನೆಗೆಟಿವ್. ಒಳಗಿನ ಕನೆಕ್ಷನ್ ಬದಲಿಸದೆ ತಂತಿ ಮಾತ್ರ ಬದಲಿಸಿದರೆ ಕಿಡಿ ಚಿಮ್ಮುತ್ತದೆ, ಬೆಸುಗೆ ಗಲೀಜಾಗುತ್ತದೆ. ಆಮೇಲೆ ಬೈಗುಳ ತಂತಿಗೆ. ರೋಲರ್ ಕೂಡ ಹಲ್ಲು ಇರುವುದು ಬೇಕು. ನುಣುಪು ರೋಲರ್ ಬಿಗಿ ಮಾಡಿದರೆ ಟೊಳ್ಳು ತಂತಿ ಚಪ್ಪಟೆಯಾಗುತ್ತದೆ.

ಕಿಡಿಗಣ್ಣು:
ಇಳಿಯುತ್ತದೆ ಅನ್ನುವುದು ನಿಜ. ಆದರೆ 5 ಮಿ.ಮೀ. ಆ ಮಷಿನ್‌ನ ಕೊನೆಯ ಮಿತಿ. ಸಸ್ಪೆನ್ಷನ್‌ಗೆ ಮಿತಿಯಲ್ಲಿ ಓಡುವ ಮಷಿನ್ ಬೇಡ ಅನ್ನುವುದಷ್ಟೇ ನನ್ನ ಮಾತು. ಅದೇ ಫ್ಲಕ್ಸ್ ತಂತಿಯನ್ನು 200ರ ಮಷಿನ್‌ನಲ್ಲೂ ಹಾಕಬಹುದಲ್ಲ?

ತಂತಿಸುರುಳಿ:
ಅದು ಸರಿ. ಪೊಲಾರಿಟಿ ಬದಲಿಸಲು ಬರುವ ಮಷಿನ್ ನೋಡಿ ತಗೊಳ್ಳಿ.

ನೀಲಿಜ್ವಾಲೆ:
ಟಿಗ್ (ಕರಗದ ಟಂಗ್‌ಸ್ಟನ್ ತುದಿಯಿಂದ ಆರ್ಕ್ ಮಾಡಿ, ಇನ್ನೊಂದು ಕೈಯಲ್ಲಿ ತಂತಿ ಕೊಡುವ ವಿಧಾನ) ಬಗ್ಗೆ ಯಾರೂ ಹೇಳಲಿಲ್ಲ? ಬೆಸುಗೆ ಎಲ್ಲಕ್ಕಿಂತ ಶುದ್ಧ.

ಸೀಮ್‌ಶೋಧಕ:
ಶುದ್ಧ, ನಿಜ. ಆದರೆ ಎರಡು ಕೈ, ಒಂದು ಕಾಲು ಮೂರಕ್ಕೂ ಕೆಲಸ. ಪ್ಲೇಟ್ ಹೊಳೆಯುವಷ್ಟು ಸ್ವಚ್ಛ ಇರಬೇಕು. 6 ಮಿ.ಮೀ. ಬ್ರಾಕೆಟ್ ಟಿಗ್‌ನಲ್ಲಿ ಬಹಳ ನಿಧಾನ. ಮೊದಲ ಮಷಿನ್‌ಗೆ, ಈ ಕೆಲಸಕ್ಕೆ, ಬೇಡ.

ರಾಡ್‌ಮನೆ:
@ಟಾರ್ಕ್, ಅರ್ಧ ಬಿದ್ದರೂ ಉಳಿದ ಅರ್ಧ ಗಟ್ಟಿಯಾಗಿದೆ. ಮುಂದೆ ಫೋರ್ ಲಿಂಕ್ ಮಾಡುವಾಗ ಬ್ರಾಕೆಟ್ ಆಕ್ಸಲ್ ಟ್ಯೂಬಿಗೆ ಬೆಸುಗೆ ಹಾಕಲೇಬೇಕು. ಆಗ ದಪ್ಪ ದಪ್ಪ ಲೋಹ, ರಾಡ್ ನೆನಪಾಗುತ್ತದೆ.

@ಮಣ್ಣುದಾರಿ, ರಾಡ್ ತಗೊಂಡರೆ ಮೊದಲು 6013ರಲ್ಲಿ ಕೈ ಪಳಗಿಸಿ. 2.5 ಮಿ.ಮೀ.ಗೆ 70, 80 ಆಂಪ್. ಸುಲಭವಾಗಿ ಹತ್ತುತ್ತದೆ. ಸಸ್ಪೆನ್ಷನ್ ಭಾಗಕ್ಕೆ ಮಾತ್ರ 7018. ಅದರಲ್ಲಿ ಹೈಡ್ರೋಜನ್ ಕಡಿಮೆ, ಹಾಗಾಗಿ ಬೆಸುಗೆ ಪಕ್ಕ ಬಿರುಕು ಬರುವ ಭಯ ಕಡಿಮೆ.

ಸೀಮ್‌ಶೋಧಕ:
ಆ ಮಾತು ರಾಡ್ ಒಣಗಿದ್ದರೆ ಮಾತ್ರ ನಿಜ. 7018ರ ಲೇಪ ಗಾಳಿಯ ತೇವ ಹೀರುತ್ತದೆ. ಕೈಗಾರಿಕೆಯಲ್ಲಿ ಪೊಟ್ಟಣ ಒಡೆದ ಮೇಲೆ 120 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಬಿಸಿ ಇರುವ ಓವನ್‌ನಲ್ಲೇ ಇಡುತ್ತಾರೆ. ಮಳೆಗಾಲದಲ್ಲಿ ಶೆಡ್‌ನಲ್ಲಿ ತೆರೆದಿಟ್ಟ 7018ಕ್ಕೆ ಕಡಿಮೆ ಹೈಡ್ರೋಜನ್ ಅನ್ನುವ ಹೆಸರು ಉಳಿಯುವುದಿಲ್ಲ.

ರಾಡ್‌ಮನೆ:
ಮೈಲ್ಡ್ ಸ್ಟೀಲ್ 6 ಮಿ.ಮೀ.ಗೆ ಅಷ್ಟು ಕಟ್ಟುನಿಟ್ಟು ಬೇಕಾ ಸರ್? ಬೇಕಾದಷ್ಟು ಸಣ್ಣ ಪೊಟ್ಟಣ ತಂದು, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಬಿರುಕು ಕಂಡಿಲ್ಲ.

ಸೀಮ್‌ಶೋಧಕ:
ತೆಳು ಮೈಲ್ಡ್ ಸ್ಟೀಲ್‌ಗೆ ಬಿರುಕಿನ ಭಯ ಕಡಿಮೆ, ಒಪ್ಪಿದೆ. ತೇವದ ರಾಡ್ ತೂತುಗಳನ್ನೂ ಕೊಡುತ್ತದೆ, ಅದಕ್ಕಾದರೂ ಒಣಗಿರಲಿ. ಆಕ್ಸಲ್ ಟ್ಯೂಬ್ ಮತ್ತು ನಡುವಿನ ಎರಕದ ಹೌಸಿಂಗ್ ಸೇರಿಸುವ ಜಾಗಕ್ಕೆ ಬಂದರೆ ಮಾತ್ರ ನಾನು ಬಿಡುವುದಿಲ್ಲ. ಅದಕ್ಕೆ ಮುಂಚೆ ಕಾಯಿಸಬೇಕು, ಆಮೇಲೆ ನಿಧಾನವಾಗಿ ತಣಿಸಬೇಕು. ಅದು ಹೊಸಬರ ಕೆಲಸವೇ ಅಲ್ಲ.

ಹಸಿರುಗಾಜು:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಲೇಬೇಕು. ಮಷಿನ್‌ಗೆ ಇಷ್ಟು ಯೋಚಿಸುವವರು ಹೆಲ್ಮೆಟ್‌ಗೂ ಯೋಚಿಸಿ. ತಾನಾಗಿ ಕಪ್ಪಾಗುವ ಹೆಲ್ಮೆಟ್ ಹೊಸಬರಿಗೆ ನಿಜವಾಗಿ ಸಹಾಯ ಮಾಡುತ್ತದೆ. ಗನ್ ಎಲ್ಲಿ ಇಟ್ಟಿದ್ದೇವೆ ಅಂತ ನೋಡಿಕೊಂಡೇ ಶುರು ಮಾಡಬಹುದು. 150, 200 ಆಂಪ್‌ಗೆ ಶೇಡ್ 11, 12. ತೋಳು ಮುಚ್ಚಿ, ಕುತ್ತಿಗೆ ಮುಚ್ಚಿ. ಆರ್ಕ್ ಬೆಳಕಿಗೆ ಚರ್ಮವೂ ಸುಡುತ್ತದೆ.

ಎಲ್ಲಕ್ಕಿಂತ ಮುಖ್ಯ: ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಭಾಗಕ್ಕೆ ಬೆಸುಗೆ ಹಾಕಬೇಡಿ. ಕ್ಲೋರಿನ್ ಇರುವ ಕ್ಲೀನರ್ ಆದರೆ ಆರ್ಕ್‌ನ ಶಾಖ ಮತ್ತು ನೇರಳಾತೀತ ಬೆಳಕಿಗೆ ಫಾಸ್ಜೀನ್ ಗ್ಯಾಸ್ ಆಗುತ್ತದೆ. ಅದು ಮೊದಲ ಮಹಾಯುದ್ಧದಲ್ಲಿ ಬಳಸಿದ ವಿಷದ ಗ್ಯಾಸ್. ಅಸಿಟೋನ್ ಹಾಕಿ ಒರೆಸಿ, ಪೂರ್ತಿ ಆರಲು ಬಿಡಿ. ಸತುವಿನ ಲೇಪ ಇರುವ ಪ್ಲೇಟ್, ಬೋಲ್ಟ್ ಇದ್ದರೆ ಲೇಪ ಗ್ರೈಂಡ್ ಮಾಡಿ ತೆಗೆಯಿರಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ.

ನಾಲ್ಕುಚಕ್ರ:
ಬ್ರೇಕ್ ಕ್ಲೀನರ್ ವಿಷಯ ನನಗೂ ಹೊಸದು. ಇವತ್ತೇ ವೆಲ್ಡಿಂಗ್ ಮೇಜಿನಿಂದ ಆ ಡಬ್ಬಿ ಎತ್ತಿಡುತ್ತೇನೆ.

ಮಣ್ಣುದಾರಿ:
ಎಲ್ಲ ಓದಿ ಒಂದು ತೀರ್ಮಾನಕ್ಕೆ ಬಂದೆ. ಮಿಗ್ ಮತ್ತು ರಾಡ್ ಎರಡೂ ಆಗುವ 200 ಆಂಪ್‌ನ ಮಷಿನ್, ಪೊಲಾರಿಟಿ ಬದಲಿಸಲು ಬರುತ್ತದೆ. 32 ಆಂಪ್ ಲೈನ್ ಎಳೆಸುತ್ತಿದ್ದೇನೆ. ಮೊದಲು ಮೇಜು, ಆಮೇಲೆ ಬಂಪರ್. ಹ್ಯಾಂಗರ್ ಮೇಜಿನ ಮೇಲೆ ಮಾಡಿ ಬೋಲ್ಟ್ ಹಾಕುತ್ತೇನೆ. ಗ್ಯಾಸ್ ಯಾವುದು? ಶುದ್ಧ ಕಾರ್ಬನ್ ಡೈಆಕ್ಸೈಡ್ ಸಾಕಾ?

ಕಿಡಿಗಣ್ಣು:
ಸಾಕು. ಶುದ್ಧ ಕಾರ್ಬನ್ ಡೈಆಕ್ಸೈಡ್ ಚೆನ್ನಾಗಿ ಆಳಕ್ಕೆ ಇಳಿಸುತ್ತದೆ, ಆದರೆ ಕಿಡಿ ಜಾಸ್ತಿ, ಆರ್ಕ್ ಸ್ವಲ್ಪ ಒರಟು. 75 ಅಥವಾ 80 ಭಾಗ ಆರ್ಗಾನ್ ಇರುವ ಮಿಶ್ರಣದಲ್ಲಿ ಆರ್ಕ್ ಮೆತ್ತಗೆ, ಬೆಸುಗೆ ನುಣುಪು. ಕಲಿಯಲು ಮಿಶ್ರಣ ಹಿತ. ಎರಡರಲ್ಲೂ ಹರಿವು ನಿಮಿಷಕ್ಕೆ 10ರಿಂದ 15 ಲೀಟರ್ ಇಡಿ. ಜಾಸ್ತಿ ಬಿಟ್ಟರೆ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. ತಂತಿ 0.8 ತೆಳು ಕೆಲಸಕ್ಕೆ, 6 ಮಿ.ಮೀ. ಪ್ಲೇಟಿಗೆ 0.9 ಅಥವಾ 1.0.

ಸರ್ಕ್ಯೂಟ್:
ಟ್ರಕ್ ಮೇಲೆ ಬೆಸುಗೆ ಹಾಕುವ ದಿನಕ್ಕೆ ಈಗಲೇ ಬರೆದಿಟ್ಟುಕೊಳ್ಳಿ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಹತ್ತಿರದಲ್ಲಿ ಕಂಟ್ರೋಲ್ ಯೂನಿಟ್ ಇದ್ದರೆ ಅದರ ಕನೆಕ್ಟರ್ ಕೂಡ ಬಿಚ್ಚಿ. ಅರ್ಥ್ ಕ್ಲಾಂಪ್ ಬೆಸುಗೆ ಹಾಕುವ ಅದೇ ತುಂಡಿಗೆ, ಆದಷ್ಟು ಹತ್ತಿರ, ಬಣ್ಣ ಕೆರೆದು ಹಾಕಿ. ಕ್ಲಾಂಪ್ ಚಾಸಿಯಲ್ಲಿ, ಬೆಸುಗೆ ಆಕ್ಸಲ್‌ನಲ್ಲಿ ಆದರೆ ಕರೆಂಟ್ ಬೇರಿಂಗ್ ಮೂಲಕ, ಸ್ಪ್ರಿಂಗ್ ಮೂಲಕ ದಾರಿ ಹುಡುಕುತ್ತದೆ. ಬೇರಿಂಗ್ ಒಳಗೆ ಕಿಡಿ ಹಾರಿ ಗುಳಿ ಬೀಳುತ್ತದೆ.

ಹಳೇಗರಾಜು:
ಇಂಧನ ಟ್ಯಾಂಕ್ ಮತ್ತು ಪೈಪ್ ಹತ್ತಿರ ಇದ್ದರೆ ಮುಚ್ಚಿದರೆ ಸಾಲದು, ಇಳಿಸಿ. ಚಾಸಿಯ ಒಳಗೆ ಹೊಡೆದ ಮೇಣ, ಡಾಂಬರು ಲೇಪ ಹೊಗೆಯಾಡುತ್ತಾ ಆಮೇಲೆ ಉರಿಯುವುದುಂಟು. ಕೆಲಸ ಮುಗಿದ ಮೇಲೆ ಅರ್ಧ ಗಂಟೆಗೂ ಜಾಸ್ತಿ ಅಲ್ಲೇ ಇರಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ ಇರಲಿ. ನೀವು ಮೇಜಿನಿಂದ ಶುರು ಮಾಡುತ್ತೇನೆ ಅಂದದ್ದು ಓದಿ ಸಮಾಧಾನವಾಯಿತು.

ಮಣ್ಣುದಾರಿ:
ಮಷಿನ್ ಬಂತು. ಮೇಜು ಆಯಿತು. ಸೀಮ್‌ಶೋಧಕ ಸರ್ ಹೇಳಿದ ಹಾಗೆ 6 ಮಿ.ಮೀ. ತುಂಡುಗಳನ್ನು ಮುರಿದು ನೋಡಿದೆ. ಮಿಗ್‌ನಲ್ಲಿ ಹಾಕಿದ್ದು ನಿಂತ ಪ್ಲೇಟಿಗೆ ಚೆನ್ನಾಗಿ ಹಿಡಿದಿದೆ. ಕೆಳಗಿನ ಪ್ಲೇಟಿನಿಂದ ಮಾತ್ರ ಅರ್ಧ ಉದ್ದ ಎದ್ದು ಬಂತು, ಅಡಿಯಲ್ಲಿ ಬೂದು ಬಣ್ಣದ ನುಣುಪು ಪದರ ಹಾಗೇ ಇದೆ. 170 ಆಂಪ್ ಹತ್ತಿರ ಇಟ್ಟಿದ್ದೆ. ರಾಡ್‌ನಲ್ಲಿ ಹಾಕಿದ್ದು ನೋಡಲು ವಕ್ರವಾಗಿತ್ತು, ಆದರೆ ಮುರಿಯಲೇ ಇಲ್ಲ, ಪ್ಲೇಟ್ ಬಾಗಿತು.

ರಾಡ್‌ಮನೆ:
ನಾನು ಮೊದಲೇ ಹೇಳಿದ್ದೆ!

ಸೀಮ್‌ಶೋಧಕ:
ಆ ಬೂದು ಪದರ ಮಿಲ್ ಸ್ಕೇಲ್. ಕಾರ್ಖಾನೆಯಲ್ಲಿ ಬಿಸಿ ಪ್ಲೇಟ್ ಉರುಳಿಸುವಾಗ ಕೂರುವ ಆಕ್ಸೈಡ್. ರಾಡ್‌ನ ಫ್ಲಕ್ಸ್ ಅದನ್ನು ಒಂದಿಷ್ಟು ಸಹಿಸುತ್ತದೆ, ಮಿಗ್ ಅಷ್ಟು ಸಹಿಸುವುದಿಲ್ಲ. ಬೆಸುಗೆ ಕೂರುವ ಜಾಗದಲ್ಲಿ, ಎರಡೂ ಬದಿಗೆ ಒಂದು ಇಂಚು, ಹೊಳೆಯುವ ಲೋಹ ಬರುವವರೆಗೆ ಗ್ರೈಂಡ್ ಮಾಡಿ. ಗನ್ ನಿಂತ ಪ್ಲೇಟಿನ ಕಡೆ ವಾಲಿತ್ತು ಅಂತಲೂ ತೋರುತ್ತದೆ. 45 ಡಿಗ್ರಿಗೆ ತನ್ನಿ, ತಂತಿ ಕರಗಿದ ಲೋಹದ ಮುಂಚೂಣಿಯಲ್ಲೇ ಇರಲಿ. ಕರಗಿದ್ದು ಮುಂದೆ ಹರಿದು ನೀವು ಅದರ ಮೇಲೆ ಸುರಿಯುತ್ತಾ ಹೋದರೆ ಕೆಳಗಿನ ಪ್ಲೇಟಿಗೆ ಆರ್ಕ್ ತಾಗುವುದೇ ಇಲ್ಲ. 190ಕ್ಕೆ ಏರಿಸಿ, ವೋಲ್ಟೇಜ್ ಅದಕ್ಕೆ ತಕ್ಕಂತೆ.

ಮಣ್ಣುದಾರಿ:
ಗ್ರೈಂಡ್ ಮಾಡಿ, ಕೋನ ಸರಿಮಾಡಿ, ಮತ್ತೆ ಮುರಿದೆ. ಈ ಸಲ ಬೆಸುಗೆ ಹಿಡಿದುಕೊಂಡಿತು, ಪ್ಲೇಟ್ ಪೂರ್ತಿ ಮಲಗಿತು. ಕತ್ತರಿಸಿ ಪಾಲಿಶ್ ಮಾಡಿ ಫೆರಿಕ್ ಕ್ಲೋರೈಡ್ ಹಚ್ಚಿ ನೋಡಿದರೆ ಬುಡದವರೆಗೂ ಇಳಿದದ್ದು ಗೆರೆಯಾಗಿ ಕಾಣುತ್ತದೆ.

ಕೊನೆಯದೊಂದು. ಶಾಕ್ ಬ್ರಾಕೆಟ್ ಚಾಸಿಗೆ ಬೆಸುಗೆ ಹಾಕುವುದೇ ಸರಿ ಅಂತ ಕಾಣುತ್ತಿದೆ. 6 ಮಿ.ಮೀ. ಬ್ರಾಕೆಟ್, 3 ಮಿ.ಮೀ. ಚಾಸಿ. 190 ಇಟ್ಟರೆ ಚಾಸಿ ತೂತಾಗುವುದಿಲ್ಲವೇ?

ಟಾರ್ಕ್:
ನೇರವಾಗಿ ಬೇಡ. ನಡುವೆ 4 ಮಿ.ಮೀ. ಪ್ಯಾಡ್ ಪ್ಲೇಟ್ ಹಾಕಿ, ಮೂಲೆಗಳನ್ನು ದುಂಡಗೆ ಮಾಡಿ. ಪ್ಯಾಡ್ ಚಾಸಿಗೆ, ಬ್ರಾಕೆಟ್ ಪ್ಯಾಡ್‌ಗೆ.

ಕಿಡಿಗಣ್ಣು:
ಪ್ಯಾಡನ್ನು ಚಾಸಿಗೆ 130, 140 ಆಂಪ್‌ನಲ್ಲಿ ಹಾಕಿ. ಆರ್ಕ್‌ನ ಮೂರರಲ್ಲಿ ಎರಡು ಪಾಲು ದಪ್ಪ ತುಂಡಿನ ಮೇಲಿರಲಿ, ಅಲ್ಲಿಂದ ಕರಗಿದ್ದು ತೆಳುವಿನ ಅಂಚಿಗೆ ತಾನೇ ಹರಿದು ಹಿಡಿಯುತ್ತದೆ. ನಿಂತ ಗೆರೆಗಳನ್ನು ಮೇಲಿಂದ ಕೆಳಕ್ಕೆ ಎಳೆಯಬೇಡಿ. ಸುಲಭ, ನೋಡಲು ಚೆಂದ, ಆದರೆ ಲೋಹ ಆರ್ಕ್‌ಗಿಂತ ಮುಂದೆ ಜಾರಿ ಆಳಕ್ಕೆ ಇಳಿಯುವುದಿಲ್ಲ. ಕೆಳಗಿಂದ ಮೇಲಕ್ಕೆ ಹೋಗಿ. ಎರಡು ಇಂಚು ಹಾಕಿ, ನಿಲ್ಲಿಸಿ, ಎದುರು ಬದಿಗೆ ಹೋಗಿ, ಚಾಸಿ ಒಂದೇ ಕಡೆ ಕಾದು ಎಳೆದುಕೊಳ್ಳುವುದಿಲ್ಲ. ಮೊದಲು ಅದೇ ದಪ್ಪದ ತುಂಡುಗಳಲ್ಲಿ, ನೆಲಕ್ಕೆ ಅಲ್ಲ, ಗೋಡೆಗೆ ನಿಲ್ಲಿಸಿದ ಹಾಗೆ ಹಿಡಿದು ಅಭ್ಯಾಸ ಮಾಡಿ. ಆ ತುಂಡನ್ನೂ ಮುರಿದು ಫೋಟೋ ಹಾಕಿ, ನೋಡಿ ಹೇಳುತ್ತೇವೆ.